ಗಾಜಿನಾಚೆಯ ದನಿ

"ನಿಮ್ಮ ಕೈ ತುಂಬಾ ತಣ್ಣಗಿದೆ ಡಾಕ್ಟ್ರೇ."

ನಾಡಿ ಹಿಡಿದಿದ್ದ ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮಾತಾಡಿದ್ದು ಮಂಚದ ಮೇಲಿದ್ದ ರಬ್ಬರ್ ಗೊಂಬೆ. ಅದರ ಎದೆ ಏರಿಳಿಯುತ್ತಿತ್ತು, ರೆಪ್ಪೆ ಮಿಟುಕುತ್ತಿತ್ತು, ಗಂಟಲೊಳಗಿನ ಸ್ಪೀಕರಿನಿಂದ ಗಂಡಸಿನ ದನಿ ಬರುತ್ತಿತ್ತು. ಸುತ್ತ ನಿಂತಿದ್ದ ಹನ್ನೊಂದು ಮಂದಿ ಡಾಕ್ಟರುಗಳು ಗೊಳ್ಳೆಂದು ನಕ್ಕರು.

"ಜ್ವರ ಬಂದವನಿಗೆ ತಣ್ಣನೆ ಕೈ ಹಿತ," ಗೊಂಬೆ ಮುಂದುವರಿಸಿತು. "ತೆಗೆದುಬಿಟ್ರಲ್ಲ!"

ಅವಳಿಗೆ ನಗು ಬರಲಿಲ್ಲ. ಮಾಸ್ಕ್ ಕಿತ್ತು, ಪಕ್ಕದ ಪುಟ್ಟ ಬಾಗಿಲು ತಳ್ಳಿ, ಗಾಜಿನ ಹಿಂದಿನ ಕೋಣೆಗೆ ನುಗ್ಗಿದಳು. ಆ ಗಾಜು ಈಚೆಯಿಂದ ಬರೀ ಕನ್ನಡಿ, ಆಚೆಯಿಂದ ಎಲ್ಲವೂ ಕಾಣುವ ಕಿಟಕಿ. ಅಲ್ಲಿ ಮೂರು ಕಂಪ್ಯೂಟರುಗಳ ನಡುವೆ, ಮೈಕಿನತ್ತ ಬಾಗಿ, ಮೊಣಕೈತನಕ ಅಂಗಿಯ ತೋಳು ಮಡಿಸಿದ್ದವನೊಬ್ಬ ಕೂತಿದ್ದ. ಗೊಂಬೆಗೆ ಉಸಿರು, ನಾಡಿ, ಮಾತು ಎಲ್ಲ ಕೊಡುವವನು ಅವನೇ. ತರಬೇತಿ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವನು ಗೊಂಬೆ ಮೇಷ್ಟ್ರು.

"ಉಸಿರಾಡೋಕಾಗದ ಪೇಷಂಟ್ ಹೀಗೆ ಹರಟೆ ಹೊಡೀತಾನೇನ್ರೀ?"

"ಹೊಡೀತಾನೆ ಮೇಡಂ. ಹೆದರಿದೋರೇ ಜಾಸ್ತಿ ಮಾತಾಡೋದು," ಎನ್ನುತ್ತಾ ಅವನು ಕುರ್ಚಿ ತಿರುಗಿಸಿದ. ತುಟಿಯಂಚಿನಲ್ಲಿದ್ದ ತುಂಟನಗು ಅವಳ ಮುಖ ಕಂಡದ್ದೇ ಆರಿಹೋಯಿತು. ಒಂದು ಕ್ಷಣ, ಎರಡು ಕ್ಷಣ, ಅವನು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು ಮೇಡಂ," ಅಂದ.

ಇಷ್ಟು ಬೇಗ ಸೋಲೊಪ್ಪಿಕೊಂಡವನ ಜೊತೆ ಜಗಳವಾಡುವುದು ಹೇಗೆ? ಬೈಯಲೆಂದು ತಂದ ಮಾತುಗಳನ್ನೆಲ್ಲ ನುಂಗಿಕೊಂಡು ಅವಳು ಬಾಗಿಲಲ್ಲೇ ನಿಂತಳು.

"ಹೋಗ್ಲಿ ಬಿಡಿ. ಕೈ ತಣ್ಣಗಿರೋದೇನೋ ನಿಜ."

ಅವಳು ಊರಿನ ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾದರೆ ಇಷ್ಟು ಗಂಟೆ ಹೊಸ ಪಾಠ ಕೇಳಿರಬೇಕೆಂಬ ನಿಯಮವಿತ್ತು. ಅದಕ್ಕಾಗಿಯೇ ಈ ಆರು ಶನಿವಾರಗಳ ಕೋರ್ಸು. ಕೊನೆಯ ಎರಡು ಶನಿವಾರ ಗೊಂಬೆಯ ಮೇಲೆ ಪರೀಕ್ಷೆ. ಬಂದವರೆಲ್ಲ ಅದನ್ನು ತಲೆನೋವು ಎಂದು ಗೊಣಗಿದರು. ಅವಳಿಗೆ ಮಾತ್ರ ಭಯ.

ಮೂರು ವರ್ಷದಿಂದ ಅವಳು ಒಬ್ಬ ರೋಗಿಯ ಗಂಟಲಿಗೂ ಉಸಿರಿನ ಕೊಳವೆ ಇಳಿಸಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ಆ ಗಳಿಗೆ ಬಂದಾಗಲೆಲ್ಲ ಪಕ್ಕದ ಕಿರಿಯ ಡಾಕ್ಟರನ್ನು ಮುಂದೆ ಮಾಡಿ, "ನೀನೇ ಹಾಕು, ಕೈ ಪಳಗುತ್ತೆ," ಎನ್ನುತ್ತಿದ್ದಳು. ಮೇಡಂ ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗ ಅವಳಿಗೆ ಕಳ್ಳಿಯಂತಾಗುತ್ತಿತ್ತು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಈಜು ಕಲಿಸುವ ಟೀಚರ್ ಒಬ್ಬಳನ್ನು ಕರೆತಂದಿದ್ದರು. ಎರಡು ಜಡೆ, ಕೆಂಪೇರಿದ ಮುಖ, ಎರಡೂ ಶ್ವಾಸಕೋಶಕ್ಕೆ ಸೋಂಕು. ಮಂಚದ ಮೇಲೆ ಕೂತೇ ಏದುಸಿರು ಬಿಡುತ್ತಿದ್ದಳು. ರಕ್ತದೊತ್ತಡ ಕುಸಿಯುತ್ತಿತ್ತು. ಆಗೆಲ್ಲ ಡಾಕ್ಟರುಗಳು ಮಾಡುತ್ತಿದ್ದ ಹಾಗೆಯೇ ವೈದ್ಯೆಯೂ ಮಾಡಿದಳು: ಮಲಗಿಸಿದಳು, ಮಂಪರಿನ ಔಷಧಿ ಕೊಟ್ಟಳು, ಕೊಳವೆ ಇಳಿಸಿದಳು. ಕೊಳವೆ ಸರಿಯಾಗಿಯೇ ಕೂತಿತು. ಹೃದಯ ನಿಂತುಹೋಯಿತು.

ದೆವ್ವ ಪಿಶಾಚಿ ನಂಬುವ ಪೈಕಿಯವಳಲ್ಲ ವೈದ್ಯೆ. ಆದರೂ ವಾರ್ಡು ಗಿಜಿಗುಡುವ ನಡುಹಗಲಿನಲ್ಲೇ ಮೂಗಿಗೆ ಈಜುಕೊಳದ ಕ್ಲೋರಿನ್ ವಾಸನೆ ಬಡಿಯುತ್ತಿತ್ತು. ತಿರುಗಿ ನೋಡಿದರೆ ಕಿಟಕಿ ಪಕ್ಕದ ಖಾಲಿ ಮಂಚ. ಅಲ್ಲೊಬ್ಬಳು ಕೂತಿದ್ದಾಳೆ ಅನ್ನಿಸುತ್ತಿತ್ತು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಸುಮ್ಮನೆ, ಸರದಿ ಬರಲೆಂದು ಕಾಯುವವಳ ಹಾಗೆ ಕೂತಿರುತ್ತಿದ್ದಳು.

ಎರಡನೆಯ ಶನಿವಾರ ಅವಳು ಒಂದು ಗಂಟೆ ಮುಂಚೆ ಬಂದಳು. ಯಾರೂ ಇಲ್ಲದಾಗ ಗೊಂಬೆಯ ಮೇಲೆ ಕೈ ಪಳಗಿಸಿಕೊಳ್ಳುವ ಲೆಕ್ಕಾಚಾರ. ಮೇಷ್ಟ್ರು ಆಗಲೇ ಗೊಂಬೆಯ ಮೈ ಒರೆಸುತ್ತಿದ್ದ. ಏನೂ ಕೇಳದೆ ಕೊಳವೆ, ನಾಲಿಗೆ ಎತ್ತಿಹಿಡಿಯುವ ಬ್ಲೇಡು ಎಲ್ಲ ಜೋಡಿಸಿಟ್ಟು ಗಾಜಿನ ಹಿಂದೆ ಹೋದ.

ಅವಳು ಗೊಂಬೆಯ ಬಾಯಿ ತೆರೆದಳು. ಬ್ಲೇಡ್ ಹಲ್ಲಿಗೆ ಕಟಕ್ಕೆಂದು ತಾಗಿತು.

"ಅಯ್ಯೋ ನನ್ನ ಹಲ್ಲು!" ಎಂದು ಗೊಂಬೆ ಕಿರುಚಿತು. "ಮದುವೆ ಬೇರೆ ಆಗಿಲ್ಲ, ಇನ್ನು ಯಾರು ಹೆಣ್ಣು ಕೊಡ್ತಾರೆ?"

ಅವಳು ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ. ಬಹಳ ದಿನದ ಮೇಲೆ ಬಂದ ನಗುವಾದ್ದರಿಂದ ಅದು ಸ್ವಲ್ಪ ಒರಟಾಗಿ, ಕೆಮ್ಮಿನ ಹಾಗೆ ಬಂತು. ಕನ್ನಡಿಯಲ್ಲಿ ಕಂಡದ್ದು ಅವಳದೇ ಮುಖ. ಅದರ ಹಿಂದಿನಿಂದ ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೂ ಅವಳು ಕೂದಲು ಸರಿಮಾಡಿಕೊಂಡಳು. ಗೊತ್ತಿದ್ದರಿಂದಲೇ ಸರಿಮಾಡಿಕೊಂಡಳು.

"ಮದುವೆ ಆಗಿಲ್ಲದಿರೋದು ಗೊಂಬೆಗೋ, ಮೇಷ್ಟ್ರಿಗೋ?"

ಸ್ಪೀಕರ್ ಸ್ವಲ್ಪ ಹೊತ್ತು ಗೊರಗುಟ್ಟಿತು.

"ಇಬ್ರಿಗೂ."

ಮೂರನೆಯ ಶನಿವಾರ ಬ್ಲೇಡ್ ಹಲ್ಲಿಗೆ ತಾಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಗಾಜಿನ ಹಿಂದಿನ ಇಕ್ಕಟ್ಟಿನ ಕೋಣೆಯಲ್ಲಿ ಕಾಗದದ ಲೋಟದಲ್ಲಿ ಟೀ ಕುಡಿದರು. ಅವನು ಮೊದಲು ಯಂತ್ರ ರಿಪೇರಿ ಮಾಡುತ್ತಿದ್ದನಂತೆ. ಮೂರು ವರ್ಷದಿಂದ ಇಲ್ಲಿ. ಕಡಿಮೆ ಮಾತಿನವನು. ಮೈಕು ಮುಂದಿದ್ದರೆ ಮಾತ್ರ ಬಾಯಿ. ಲೋಟ ಕೊಡುವಾಗ ಅವನ ಬೆರಳು ತಾಗಿತು. ಅವಳು ಕೈ ತೆಗೆಯಲಿಲ್ಲ, ಅವನೇ ತೆಗೆದ. ಸುಟ್ಟುಕೊಂಡವನ ಹಾಗೆ ತೆಗೆದ. ನಾಚಿಕೆಯೆಂದುಕೊಂಡಳು ಅವಳು.

ಮನೆಯಲ್ಲಿ ಅತ್ತಿಗೆ ಕಂಡುಹಿಡಿದಳು. ಅಣ್ಣ ಅತ್ತಿಗೆಯ ಜೊತೆಗೇ ಅವಳ ವಾಸ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲರ ಜಾತಕ ಓದುವವಳು.

"ಏನಮ್ಮಾ, ಕ್ಲಾಸು ಅಂದ್ರೆ ಮೂಗು ಮುರೀತಿದ್ದೋಳು, ಶನಿವಾರ ಬಂದ್ರೆ ಇಸ್ತ್ರಿ ಪೆಟ್ಟಿಗೆ ಬಿಡಲ್ಲ?"

"ಹಾಗೇನಿಲ್ಲ ಅತ್ತಿಗೆ."

"ಇಲ್ಲ ಅನ್ನೋವಾಗ ಕಿವಿ ಯಾಕೆ ಕೆಂಪಾಗುತ್ತೆ?"

ನಾಲ್ಕನೆಯ ಶನಿವಾರ ಪ್ರೊಫೆಸರ ಉಪನ್ಯಾಸ. ತುರ್ತು ಚಿಕಿತ್ಸೆಯಲ್ಲಿ ಈಚೆಗೆ ಬದಲಾದ ಸಂಗತಿಗಳು. ಕತ್ತಲ ಹಾಲಿನಲ್ಲಿ ಒಂದೊಂದೇ ಸ್ಲೈಡು ಸರಿಯುತ್ತಿತ್ತು. ಅರ್ಧಕ್ಕೆ ಬಂದಾಗ ಪ್ರೊಫೆಸರು ಕನ್ನಡಕ ಏರಿಸಿ ಹೇಳಿದರು:

"ಒತ್ತಡ ಕುಸೀತಿರೋ ಪೇಷಂಟ್‌ಗೆ ಅವಸರದಲ್ಲಿ ಕೊಳವೆ ಹಾಕಬೇಡಿ. ಕೂರಿಸಿಯೇ ಆಕ್ಸಿಜನ್ ಕೊಡಿ. ಒತ್ತಡ ಏರಿಸೋ ಡ್ರಿಪ್ ಮೊದಲು, ಕೊಳವೆ ಆಮೇಲೆ. ಮಂಪರಿನ ಔಷಧಿ ಅರ್ಧ ಸಾಕು. ನಮ್ಮ ಆಸ್ಪತ್ರೇಲಿ ಈ ಕ್ರಮ ಜಾರಿಗೆ ತಂದ ಮೇಲೆ ಎಷ್ಟು ಜೀವ ಉಳಿದಿದೆ ನೋಡಿ."

ಜಾರಿಗೆ ತಂದ ದಿನಾಂಕ ಸ್ಲೈಡಿನ ಕೆಳಗಿತ್ತು. ಟೀಚರನ್ನು ಕರೆತಂದ ಆ ಮಧ್ಯಾಹ್ನ ಕಳೆದು ಹದಿನಾಲ್ಕು ತಿಂಗಳ ಮೇಲಿನದು. ಸುತ್ತಲಿನವರು ಬರೆದುಕೊಳ್ಳುತ್ತಿದ್ದರು. ಕ್ಲೋರಿನ್ ವಾಸನೆ ಬಂತು. ಪಕ್ಕದ ಖಾಲಿ ಕುರ್ಚಿಯಲ್ಲಿ ಎರಡು ಜಡೆಯವಳು ಕೂತು, ಅವಳಷ್ಟೇ ಗಮನವಿಟ್ಟು, ಪರದೆಯನ್ನು ನೋಡುತ್ತಿದ್ದಳು.

ವೈದ್ಯೆ ಎದ್ದು ಹೊರಗೆ ಬಂದಳು. ಕಾರಿಡಾರಿನಲ್ಲಿ ನೀರಿನ ಯಂತ್ರದ ಪಕ್ಕ ಗೋಡೆಗೊರಗಿದವಳಿಗೆ ಮೇಷ್ಟ್ರು ಎದುರಾದ.

"ಏನಾಯ್ತು ಮೇಡಂ?"

ಅಣ್ಣನಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಈಜು ಟೀಚರ್ ಎಂದಾಗ ಅವನ ಕೈಯ ಲೋಟ ಸ್ವಲ್ಪ ವಾಲಿತು, ನೀರು ಚೆಲ್ಲಿತು. ಅವಳು ನೋಡಲಿಲ್ಲ.

"ಹೊಸದೇನಾದ್ರೂ ಕಲಿತಾಗಲೆಲ್ಲ ಅವಳು ಬಂದು ಕೂರ್ತಾಳೆ. 'ಇದು ನಿಮಗೆ ಗೊತ್ತಿದ್ದಿದ್ರೆ ನಾನು ಬದುಕ್ತಿದ್ನಲ್ಲ' ಅಂತ ಒಂದು ಮಾತೂ ಆಡಲ್ಲ. ಆಡಿದ್ರೇ ವಾಸಿ."

 ಅವನು ಜೇಬಿನಿಂದ ಕರ್ಚೀಫು ತೆಗೆದು ಅವಳ ಕೈಗಿಟ್ಟು, ಅವಳ ಮುಷ್ಟಿಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ನಿಂತ. ಒಳಗೆ ಚಪ್ಪಾಳೆ ಕೇಳುವ ತನಕ ಬಿಡಲಿಲ್ಲ.

ಐದನೆಯ ಶನಿವಾರ ಪರೀಕ್ಷೆ. ಪ್ರೊಫೆಸರು ಮೂಲೆಯಲ್ಲಿ ಕಾಗದ ಹಿಡಿದು ಕೂತರು. ಅವಳು ಒಳಗೆ ಬಂದಳು. ಗೊಂಬೆಯನ್ನು ಮಂಚದಲ್ಲಿ ಕೂರಿಸಿದ್ದರು. ಮಾನಿಟರಿನಲ್ಲಿ ಒತ್ತಡ ಕುಸಿಯುತ್ತಿತ್ತು. ಅವಳು ಹತ್ತಿರ ಹೋಗಿ ಭುಜ ಮುಟ್ಟಿದಳು.

"ಮಲಗಿಸ್ಬೇಡಿ ಡಾಕ್ಟ್ರೇ," ಅಂದಿತು ಗೊಂಬೆ, ಏದುಸಿರಿನಲ್ಲಿ. "ಮಲಗಿದ್ರೆ ಮುಳುಗಿದ ಹಾಗಾಗುತ್ತೆ. ಮುಳುಗೋರನ್ನ ಎತ್ತೋದೇ ನನ್ನ ಕೆಲಸ. ನನಗೇ ಹೀಗಾದ್ರೆ ಹೇಗೆ?"

ದನಿ ಅವನದು. ಮಾತು ಆ ಈಜು ಟೀಚರದು, ಮೂರು ವರ್ಷದ ಹಿಂದಿನದು. ಒಂದಕ್ಷರವೂ ಆಚೀಚೆಯಿಲ್ಲ.

ಮಾನಿಟರ್ ಬಡಿದುಕೊಳ್ಳತೊಡಗಿತು. ಅವಳು ಅಲುಗಲಿಲ್ಲ. ಪ್ರೊಫೆಸರು ಏನೋ ಕೇಳಿದರು, ಕಿವಿಗೆ ಬೀಳಲಿಲ್ಲ. ಪರದೆಯ ಮೇಲಿನ ಗೆರೆ ಚಪ್ಪಟೆಯಾಗುವವರೆಗೂ ಹಾಗೇ ನಿಂತಿದ್ದು, ಆಮೇಲೆ ಕೈಗವಸು ಕಿತ್ತೆಸೆದು ಗಾಜಿನ ಹಿಂದಿನ ಕೋಣೆಗೆ ನಡೆದಳು.

"ಆ ಮಾತು ನಿಮಗೆ ಯಾರು ಹೇಳಿದ್ರು?"

ಅವನು ಮೈಕು ಆರಿಸಿದ. "ಯಾರೂ ಹೇಳಲಿಲ್ಲ. ಪಕ್ಕದಲ್ಲಿದ್ದು ನಾನೇ ಕೇಳಿಸ್ಕೊಂಡೆ. ಅವಳು ನಮ್ಮಕ್ಕ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವತ್ತು ನೀವು ಮಾಸ್ಕ್ ಇಳಿಸಿ ನನ್ನ ಮುಂದೆ ಬಂದು ನಿಂತ್ರಿ. ನನ್ನ ಕೈಯಲ್ಲಿ ಅವಳ ಚಪ್ಪಲಿ ಇತ್ತು. ನೀವು ತಲೆ ಎತ್ತಲಿಲ್ಲ, ಆ ಚಪ್ಪಲಿ ನೋಡ್ಕೊಂಡೇ ಅಕ್ಕ ಹೋದಳು ಅಂತ ಹೇಳಿದ್ರಿ. ನನ್ನನ್ನ ಹೊರಗೆ ಕಳಿಸಿದ ಆ ಹನ್ನೊಂದು ನಿಮಿಷ ಒಳಗೆ ಏನಾಯ್ತು ಅಂತ ತಿಳ್ಕೊಳ್ಳೋಕೇ ಈ ಕೆಲಸಕ್ಕೆ ಸೇರಿದೆ. ಆಸ್ಪತ್ರೆ ಕಡತ ತರಿಸ್ಕೊಂಡು ಅಕ್ಕನ ಕೇಸನ್ನ ಈ ಕಂಪ್ಯೂಟರಿಗೆ ಹಾಕಿದೆ. ನೂರಾರು ಸಲ ಓಡಿಸ್ದೆ. ಪ್ರತಿ ಸಲವೂ ಸತ್ತಳು. ಪ್ರೊಫೆಸರು ಹೊಸ ಕ್ರಮ ತಂದ ದಿನ ಮೊದಲ ಸಲ ಬದುಕಿದಳು. ಅವತ್ತು ನಿಮ್ಮ ಮೇಲೆ ಬಂದ ಸಿಟ್ಟು..."

"ಮೊದಲ ದಿನದಿಂದಲೂ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಟೀ ಕೊಟ್ಟಾಗಲೂ? ಕೈ ಹಿಡಿದಾಗಲೂ?"

"ಕೈ ಹಿಡಿದಾಗ ಹೇಳಬೇಕು ಅಂತಾನೇ ಹಿಡಿದೆ. ಧೈರ್ಯ ಬರಲಿಲ್ಲ. ಇವತ್ತು ಆ ಮಾತನ್ನ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನೀವು ಈ ಸಲ ಅವಳನ್ನ ಉಳಿಸ್ತೀರಿ, ಆಗ ಇಬ್ರಿಗೂ ಬಿಡುಗಡೆ ಆಗುತ್ತೆ ಅಂದ್ಕೊಂಡೆ."

"ಗೊಂಬೆಗಳ ಜೊತೆ ಇದ್ದೂ ಇದ್ದೂ ನನ್ನನ್ನೂ ಗೊಂಬೆ ಅಂದ್ಕೊಂಡ್ರಾ?" ಅವಳ ದನಿ ಒಡೆಯಿತು. "ಬಟನ್ ಒತ್ತಿದ್ರೆ ಬಿಡುಗಡೆ ಆಗೋಕೆ?"

 ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು.

ಆ ವಾರ ಅವಳು ಊಟ ಮಾಡಿದಳೋ ಬಿಟ್ಟಳೋ ಅತ್ತಿಗೆಗೇ ಗೊತ್ತು. ಬುಧವಾರ ಅತ್ತಿಗೆ ಹೊಲಿಗೆ ನಿಲ್ಲಿಸಿ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೊರಗೆಳೆದಳು. ಕೇಳಿ ಮುಗಿದ ಮೇಲೆ ಬಟ್ಟೆಯ ಅಂಚು ನೇವರಿಸಿದಳು.

"ಅವನು ಮಾಡಿದ್ದು ತಪ್ಪೇ. ಮುಂಚೆ ಹೇಳಬೇಕಿತ್ತು," ಅಂದಳು. "ಆದ್ರೆ ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ನೀನು ಈಗ ಯಾರ ಮೇಲೆ ಕೋಪ ಮಾಡ್ಕೊಂಡಿದ್ದೀಯ? ಅವನ ಮೇಲೋ, ನಿನ್ನ ಮೇಲೋ?"

ಅವಳು ಅತ್ತಿಗೆಯ ಮಡಿಲಲ್ಲಿ ಮುಖವಿಟ್ಟಳು. ಮೂರು ವರ್ಷದ ಅಳು ಅಂದು ಬಂತು.

ಶುಕ್ರವಾರ ಮಧ್ಯಾಹ್ನ ತುರ್ತು ವಿಭಾಗಕ್ಕೆ ಒಬ್ಬ ಬಸ್ ಡ್ರೈವರನ್ನು ಕರೆತಂದರು. ಯೂನಿಫಾರಂ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಕೂತಲ್ಲೇ ಏದುಸಿರು, ಕುಸಿಯುವ ಒತ್ತಡ, ಎರಡೂ ಕಡೆ ನ್ಯುಮೋನಿಯಾ. ಕಿರಿಯ ಡಾಕ್ಟರ್ ಆಗಲೇ ಅವನನ್ನು ಮಲಗಿಸಲು ಬೆನ್ನಿಗೆ ಕೈ ಹಾಕಿದ್ದ.

"ಮೇಡಂ, ಕೊಳವೆ ನಾನೇ ಹಾಕ್ಲಾ?"

ಕ್ಲೋರಿನ್ ವಾಸನೆ ಬಂತು. ಕಿಟಕಿಯ ಪಕ್ಕದ ಮಂಚದಲ್ಲಿ ಅವಳಿದ್ದಳು. ಈ ಸಲ ವೈದ್ಯೆ ಕಣ್ಣು ತಪ್ಪಿಸಲಿಲ್ಲ. ನೋಡಿದಳು, ನೋಡಿ ಡ್ರೈವರನತ್ತ ತಿರುಗಿದಳು.

"ಬೇಡ, ನಾನು ಹಾಕ್ತೀನಿ. ಅವರನ್ನ ಕೂತಿರೋಕೆ ಬಿಡು. ಸಿಸ್ಟರ್, ಒತ್ತಡದ ಡ್ರಿಪ್ ಶುರುಮಾಡಿ. ಅವಸರ ಇಲ್ಲ."

ಒಂಬತ್ತು ನಿಮಿಷ ಎಲ್ಲರೂ ಮಾನಿಟರಿನ ಅಂಕಿಗಳನ್ನೇ ನೋಡುತ್ತಾ ನಿಂತರು. ಅಂಕಿಗಳು ಮೆಟ್ಟಿಲು ಹತ್ತುವ ಮುದುಕರ ಹಾಗೆ ಒಂದೊಂದೇ ಏರಿದವು. ಆಮೇಲೆ ಅವಳು ಅರ್ಧ ಔಷಧಿ ಕೊಟ್ಟು, ಬ್ಲೇಡ್ ಹಿಡಿದು, ಡ್ರೈವರನ ಕಿವಿಯ ಬಳಿ ಬಾಗಿ ಹೇಳಿದಳು: "ನಾನಿಲ್ಲೇ ಇದ್ದೀನಿ." ಕೊಳವೆ ಇಳಿಯಿತು. ಹೃದಯ ತನ್ನ ಪಾಡಿಗೆ ತಾನು ಬಡಿಯುತ್ತಲೇ ಇತ್ತು.

ಕೈಗವಸು ಬಿಚ್ಚುವಾಗ ಕಿರಿಯ ಡಾಕ್ಟರ್ ಬೆರಗಾಗಿ ನೋಡುತ್ತಿದ್ದ. ಕಿಟಕಿಯ ಪಕ್ಕದ ಮಂಚದಲ್ಲಿ ಅವಳಿನ್ನೂ ಇದ್ದಳು. ಹೋಗಿರಲಿಲ್ಲ. ಎಲ್ಲಿಗೂ ಹೋಗುವವಳಲ್ಲವೆಂದು ವೈದ್ಯೆಗೆ ಅಂದು ಅರ್ಥವಾಯಿತು. ಅರ್ಥವಾದದ್ದು ಭಯ ಹುಟ್ಟಿಸಲಿಲ್ಲ.

ಆರನೆಯ ಶನಿವಾರ ಅವಳು ಮರುಪರೀಕ್ಷೆಗೆ ಬಂದಳು. ಪ್ರೊಫೆಸರು ಬೇರೆ ಕೇಸು ಕೊಟ್ಟಿದ್ದರು. ಗೊಂಬೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತು, ಒಂದು ತಮಾಷೆಯನ್ನೂ ಮಾಡಲಿಲ್ಲ. ಅವಳು ಪಾಸಾದಳು. ಎಲ್ಲರೂ ಫೋಟೊ ತೆಗೆಸಿಕೊಳ್ಳಲು ಹೋದ ಮೇಲೆ ಗಾಜಿನ ಹಿಂದಿನ ಕೋಣೆಯ ಬಾಗಿಲು ತಟ್ಟಿದಳು.

"ನಿನ್ನೆ ಒಬ್ಬ ಡ್ರೈವರ್ ಬಂದಿದ್ರು. ಬದುಕಿದ್ದಾರೆ," ಅಂದಳು.

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಕಣ್ಣು ತುಂಬಿತ್ತು.

"ನೀವು ನನ್ನ ಕ್ಷಮಿಸ್ಬೇಕು," ಅಂದ.

"ಕ್ಷಮಿಸೋಕೆ ನಾನ್ಯಾರು? ಕೇಳಬೇಕಾದೋಳು ನಾನು. ಅವತ್ತು ತಲೆ ಎತ್ತಿ ನಿಮ್ಮ ಮುಖ ನೋಡಬೇಕಿತ್ತು. ಈಗ ನೋಡ್ತಿದ್ದೀನಿ." ನಿಜವಾಗಿಯೂ ನೋಡಿದಳು. ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು, ನಿದ್ದೆಗೆಟ್ಟ ಕಣ್ಣ ಕೆಳಗಿನ ಕಪ್ಪು, ಒಂದೊಂದನ್ನೂ ನೋಡಿದಳು. "ನನಗೆ ನಿಮ್ಮ ಮೇಲೆ ಕೋಪ ಇದೆ. ಸುಳ್ಳು ಹೇಳಲ್ಲ. ಆದ್ರೆ ಈ ವಾರ ಪೂರ್ತಿ, ಯಾವ ಸ್ಪೀಕರಲ್ಲಿ ಯಾರು ಮಾತಾಡಿದ್ರೂ ನಿಮ್ಮ ದನಿಯೇನೋ ಅಂತ ತಿರುಗಿ ನೋಡ್ದೆ."

"ಸಿಟ್ಟಿಂದಾನೇ ಶುರುವಾಗಿದ್ದು ನಂದು," ಅವನು ಮೆಲ್ಲಗೆ ಹೇಳಿದ. "ನೀವು ಮುಂಚೆ ಬಂದು ಅಭ್ಯಾಸ ಮಾಡೋದನ್ನ ಗಾಜಿನಾಚೆಯಿಂದ ನೋಡ್ತಾ ನೋಡ್ತಾ ಅದು ಯಾವಾಗ ಬೇರೆ ಏನೋ ಆಯ್ತೋ ಗೊತ್ತಾಗಲಿಲ್ಲ. ಅಕ್ಕನಿಗೆ ದ್ರೋಹ ಮಾಡ್ತಿದ್ದೀನಿ ಅನ್ನಿಸ್ತಿತ್ತು. ಅದಕ್ಕೇ ಕೈ ತೆಗೆದುಬಿಡ್ತಿದ್ದೆ. ನೀವು ಅಂದ್ರೆ ನನಗೆ ತುಂಬಾ ಇಷ್ಟ. ಹೇಳಿಬಿಟ್ಟೆ. ಇನ್ನು ನಿಮ್ಮಿಷ್ಟ."

ಈ ಸಲ ಅವಳೇ ಅವನ ಕೈ ಹಿಡಿದಳು. ಅವನು ತೆಗೆಯಲಿಲ್ಲ.

"ಮನೇಲಿ ಯಾರಿದ್ದಾರೆ?"

"ಅಮ್ಮ."

"ಅವರಿಗೆ ಗೊತ್ತಾಗದ ಹಾಗೆ ಇದು ಮುಂದುವರಿಯೋದು ಬೇಡ. ನಾನೇ ಬಂದು ಹೇಳ್ತೀನಿ. ಇವತ್ತೇ."

ಮೂರನೆಯ ಮಹಡಿಯ ಪುಟ್ಟ ಮನೆ. ಅಮ್ಮ ಬಾಗಿಲು ತೆರೆದರು. ತೆಳ್ಳನೆಯ ಮೈ, ನೇರ ಬೆನ್ನು. ಇಬ್ಬರೂ ಜೊತೆಗೆ ನಿಂತಿದ್ದನ್ನು ಕಂಡು ಅವರ ಮುಖದಲ್ಲಿ ಒಂದು ಆಸೆ ಮೂಡಿದ್ದು ಅವಳಿಗೆ ಕಂಡಿತು. ಅದನ್ನು ಹೊಸಕಿಹಾಕಲಿದ್ದೇನೆಂದು ಗೊತ್ತಿದ್ದೇ ಅವಳು ಹೊಸ್ತಿಲಾಚೆಯೇ ನಿಂತು ಹೇಳಿದಳು.

"ಅಮ್ಮಾ, ಮೂರು ವರ್ಷದ ಹಿಂದೆ ನಿಮ್ಮ ಮಗಳಿಗೆ ಕೊಳವೆ ಹಾಕಿದ ಡಾಕ್ಟರ್ ನಾನೇ."

ಅಮ್ಮ ಬಾಗಿಲ ಚಿಲಕದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಏನು ಮಾಡಿದೆ, ಈಗ ಏನು ಗೊತ್ತಾಗಿದೆ, ಅಂದು ಏನು ಗೊತ್ತಿರಲಿಲ್ಲ. ನೆಪ ಹೇಳಲಿಲ್ಲ. ಹೇಳಿ ಮುಗಿದಾಗ ಪಕ್ಕದ ಮನೆಯ ಕುಕ್ಕರು ಕೂಗುವುದು ಕೇಳಿಸುತ್ತಿತ್ತು.

"ಕೊನೇಲಿ ಅವಳು ಏನಾದ್ರೂ ಹೇಳಿದ್ಲಾ?" ಅಮ್ಮ ಕೇಳಿದರು. "ಇವನನ್ನ ನೀವೆಲ್ಲ ಹೊರಗೆ ಕಳಿಸಿದ್ರಂತೆ. ನಮ್ಮೋರು ಅನ್ನೋರು ಒಬ್ರೂ ಹತ್ರ ಇರಲಿಲ್ಲ."

ಕಡತದಲ್ಲಿ ಅಂಕಿಗಳಿದ್ದವು, ಔಷಧಿಗಳಿದ್ದವು. ಇದೊಂದು ಇರಲಿಲ್ಲ. ಯಾರೂ ವೈದ್ಯೆಯನ್ನು ಕೇಳಿರಲಿಲ್ಲ.

"ಹೇಳಿದ್ರು. ಹೊರಗೆ ಕಳಿಸಿ ಅಂದಿದ್ದು ಅವರೇ. 'ನನ್ನ ತಮ್ಮನನ್ನ ಒಳಗೆ ಬಿಡ್ಬೇಡಿ ಡಾಕ್ಟ್ರೇ. ರಕ್ತ ಕಂಡ್ರೆ ದೊಪ್ಪಂತ ಬಿದ್ಬಿಡ್ತಾನೆ. ನೀವು ನನ್ನ ನೋಡ್ತೀರೋ ಅವನನ್ನ ನೋಡ್ತೀರೋ?' ಅಂತ. ಹೇಳಿ ನಕ್ಕರು. ನಗ್ತಾನೇ ಕಣ್ಣು ಮುಚ್ಚಿದ್ರು."

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತ. ತನ್ನನ್ನು ದೂರವಿಟ್ಟರೆಂದು ಮೂರು ವರ್ಷ ಹೊತ್ತುಕೊಂಡು ತಿರುಗಿದ್ದ ಕಹಿ ಅದೊಂದು ಮಾತಿನಲ್ಲಿ ಕರಗಿ, ಅವನು ಮಗುವಿನ ಹಾಗೆ ಬಿಕ್ಕಿದ.

ಅಮ್ಮನ ಬಾಯಿಂದ ಒಂದು ಸದ್ದು ಬಂತು. ಅಳುವೋ ನಗುವೋ ಹೇಳುವಂತಿರಲಿಲ್ಲ.

"ಅವಳೇ," ಅಂದರು. "ಅವಳೇ ಹಾಗೆ ಮಾತಾಡೋದು. ಈಗಲೂ ಅಷ್ಟೇ ಇವನು, ಬೆರಳು ಕುಯ್ದುಕೊಂಡ್ರೆ ನಾನು ಮೊದಲು ದಿಂಬು ತರಬೇಕು."

ಆಮೇಲೆ ವೈದ್ಯೆಯತ್ತ ತಿರುಗಿದರು.

"ನಿನ್ನ ಮುಖ ನೋಡೋಕೆ ಕಷ್ಟ ಆಗುತ್ತೆ ನನಗೆ. ಕ್ಷಮಿಸಿದ್ದೀನಿ ಅಂತ ಬಾಯಿಮಾತಿಗೆ ಹೇಳಲ್ಲ. ಆದ್ರೆ ಅವಳು ನಕ್ಕಿದ್ದನ್ನ ಕೊನೇದಾಗಿ ಕಂಡೋಳು ನೀನೊಬ್ಳೇ." ಅವರು ಚಿಲಕದಿಂದ ಕೈ ತೆಗೆದು ಪಕ್ಕಕ್ಕೆ ಸರಿದರು. "ಒಳಗೆ ಬಾ. ಕೂತ್ಕೊಂಡು ಇನ್ನೊಂದು ಸಲ ಹೇಳು. ನಿಧಾನವಾಗಿ ಹೇಳು."

ಅವನು ಮೆಟ್ಟಿಲಿನಿಂದ ಎದ್ದು, ಕಣ್ಣೊರೆಸಿಕೊಂಡು, ಅವಳ ಪಕ್ಕ ಬಂದು ನಿಂತ. ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದರು.